ಡಾಕ್ಟ್ರ ಮೆತ್ತೆ ನಮ್ಮ ಮನೆಯಲ್ಲಿದ್ದ ಕೊನೆಯ ಶ್ರಾವಣ

ಹಾಸನದ ನಮ್ಮ ಮೇಲಿನ ಮನೆಯವರ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಸಂಜೆ ಐದಾದರೆ ಸಾಕು, ಲೋಬಾನದ ಹೊಗೆ ಮೆಟ್ಟಿಲಿಳಿದು ನಮ್ಮ ಅಡುಗೆಮನೆಗೇ ಬರುತ್ತದೆ. ನನಗೋ ಹೊಗೆ ಅಂದರೆ ಆಗದು, ಎರಡು ನಿಮಿಷಕ್ಕೆ ಕೆಮ್ಮು ಹತ್ತುತ್ತದೆ. ಮೊನ್ನೆ ಬೈದುಕೊಂಡೇ ಕಿಟಕಿ ಮುಚ್ಚಲು ಎದ್ದವಳು ಮುಚ್ಚದೆ ಅಲ್ಲೇ ನಿಂತುಬಿಟ್ಟೆ. ಬಾಣಂತಿ ಕೋಣೆಗೆ ಹೀಗೇ ಲೋಬಾನ ಹಾಕುತ್ತಿದ್ದ ನಮ್ಮತ್ತೆ ನೆನಪಾದರು.

ಏಳು ವರ್ಷದ ಹಿಂದಿನ ಆ ಶ್ರಾವಣದಲ್ಲಿ ನಾವಿನ್ನೂ ಹೊಳೆನರಸೀಪುರದ ಪೇಟೆ ಬೀದಿಯ ಮನೆಯಲ್ಲಿದ್ದೆವು. ಮುಂದುಗಡೆ ನಮ್ಮ ಯಜಮಾನರ ಬಟ್ಟೆ ಅಂಗಡಿ, ಹಿಂದುಗಡೆ ಮನೆ. ಮಗಳು ಚೈತ್ರಾಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದೆವು. ಅಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಳು. ಹಾಸನದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿ ಐದನೆಯ ದಿನಕ್ಕೆ ತಾಯಿ ಮಗು ಇಬ್ಬರೂ ಮನೆ ಸೇರಿದರು. ಆ ಹೊತ್ತಿಗಾಗಲೇ ನಮ್ಮತ್ತೆ ಗಿರಿಜಮ್ಮನವರು ನಡುಮನೆ ಪಕ್ಕದ ಕೋಣೆಯನ್ನು ಸಾರಿಸಿ, ಕಿಟಕಿಗೆ ಹಳೇ ಸೀರೆ ಕಟ್ಟಿ, ಟ್ರಂಕಿನಿಂದ 'ಡಾಕ್ಟ್ರ ಮೆತ್ತೆ' ತೆಗೆದು ತೊಟ್ಟಿಲ ಪಕ್ಕ ಹಾಸಿಟ್ಟಿದ್ದರು. ಎಂಬತ್ತೆರಡು ವರ್ಷ ಅವರಿಗೆ. ಸೊಂಟ ಬಾಗಿತ್ತು, ನಾಲಿಗೆ ಮಾತ್ರ ನೆಟ್ಟಗಿತ್ತು.

ಈ ಮೆತ್ತೆಯ ವಿಷಯ ಹೇಳಲೇಬೇಕು. ಎರಡು ಮೊಳ ಅಗಲ, ಮೂರು ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ. ಮಗು ಹೊದೆಯುವಂಥದ್ದು, ಆದರೆ ನಾವು ಹಾಸುತ್ತಿದ್ದೆವು. ಒಂದು ಕಾಲಕ್ಕೆ ಬೆಳ್ಳಗಿದ್ದದ್ದು ನಾನು ಸೊಸೆಯಾಗಿ ಬರುವ ಹೊತ್ತಿಗೆ ಕೆನೆಯ ಬಣ್ಣಕ್ಕೆ ತಿರುಗಿತ್ತು. ಮೂಲೆಯಲ್ಲಿ ಕೆಂಪು ದಾರದಲ್ಲಿ ಕಸೂತಿ ಮಾಡಿದ ಎರಡು ಇಂಗ್ಲಿಷ್ ಅಕ್ಷರ. ಕೈಯಿಟ್ಟರೆ ಮೊಣಕೈವರೆಗೂ ಮುಳುಗಬೇಕು, ಅಷ್ಟು ಮೆತ್ತಗೆ. ನಮ್ಮ ಯಜಮಾನರು, ಅವರ ತಮ್ಮ ತಂಗಿಯರು, ನನ್ನ ಮಕ್ಕಳು, ನಾದಿನಿಯ ಮಕ್ಕಳು ಎಲ್ಲರೂ ಮೊದಲ ಮೂರು ತಿಂಗಳು ಅದರ ಮೇಲೇ ಮಲಗಿದವರು. ಬಾಣಂತಿ ಕೋಣೆಯಿಂದ ಅದು ಆಚೆ ಬರುತ್ತಿರಲಿಲ್ಲ, ಆದ್ದರಿಂದ ಗಂಡಸರು ಅದನ್ನು ಮುಟ್ಟಿ ನೋಡಿದವರೂ ಅಲ್ಲ. ಒಳಗಡೆ ಏನಿದೆ ಅಂದರೆ ಅತ್ತೆ "ಬೂರುಗದ ಹತ್ತಿ ಕಣವ್ವ" ಅನ್ನುತ್ತಿದ್ದರು. ಯಾರು ಕೊಟ್ಟಿದ್ದು ಅಂದರೆ, "ನಮ್ಮೂರ್ ಡಾಕ್ಟ್ರು ಊರು ಬಿಡುವಾಗ ಕೊಟ್ಟೋದ್ರು" ಅಂತ. ಅಷ್ಟಕ್ಕೇ ಕತೆ ಮುಗಿಯುತ್ತಿತ್ತು.

ಅತ್ತೆಯ ತವರು ರಾಮನಾಥಪುರ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಒಬ್ಬ ಬಿಳಿಯ ಡಾಕ್ಟರು ಇದ್ದರಂತೆ. ಅವರು ಯಹೂದಿ. ಹಿಟ್ಲರನ ಕಾಟ ತಾಳಲಾರದೆ ಹೆಂಡತಿ ಮಗಳನ್ನು ಕಟ್ಟಿಕೊಂಡು ದೇಶ ಬಿಟ್ಟು ಓಡಿಬಂದವರು. ಹಣ ತರಲು ಅಲ್ಲಿಯವರು ಬಿಡಲಿಲ್ಲ, ಮನೆ ಸಾಮಾನು ಬೇಕಾದರೆ ತಗೊಂಡು ಹೋಗಿ ಅಂದರಂತೆ. ಹೀಗಾಗಿ ಕಾವೇರಿ ದಡದ ಆ ಸುಡುಬಿಸಿಲಿಗೆ ಮಂಜಿನ ದೇಶದ ಸಾಮಾನೆಲ್ಲ ಬಂದಿಳಿಯಿತು. ಒಳಗೆ ತುಪ್ಪಳ ಇದ್ದ ಪುಟ್ಟ ಬೂಟು, ಕಣ್ಣು ಮುಚ್ಚಿ ತೆರೆಯುವ ಗೊಂಬೆ, ಉಣ್ಣೆಯ ಟೋಪಿ, ಮಗಳು ಹೊದ್ದುಕೊಳ್ಳುವ ಮೆತ್ತೆ. ಮಗಳ ಹೆಸರು ಹಾನಾ. ಊರವರ ಬಾಯಲ್ಲಿ ಆನಮ್ಮ ಆದಳು. ಅತ್ತೆಗಿಂತ ಒಂದು ವರ್ಷ ಚಿಕ್ಕವಳು, ಪಕ್ಕದ ಮನೆಯವಳು. ಅತ್ತೆ ಆ ಬೂಟು ಹಾಕಿಕೊಂಡು ಹೊಳೆ ಮೆಟ್ಟಿಲಿಳಿಯಲು ಹೋಗಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡ ಕತೆಯನ್ನು ನಾವು ನೂರು ಸಲ ಕೇಳಿದ್ದೆವು.

ಆ ಸಲ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹೇಮಾವತಿ ತುಂಬಿ ಹರಿಯುತ್ತಿತ್ತು. ಮಗುವಿನ ಬಟ್ಟೆ ಒಣಗದೆ ನಮ್ಮ ಯಜಮಾನರ ಅಂಗಡಿಯ ಒಳಗಡೆ ಹಗ್ಗ ಕಟ್ಟಿ, ಮಾರೋ ಬಟ್ಟೆಯ ಪಕ್ಕದಲ್ಲೇ ಲಂಗೋಟಿ ನೇತುಹಾಕಿದ್ದೆ. "ಇದಕ್ಕೆಷ್ಟು ರೇಟು ಅಂತ ಕೇಳ್ತಾರೆ ಕಣೇ ಗಿರಾಕಿಗಳು" ಅಂತ ಅವರು ಗೊಣಗುತ್ತಿದ್ದರು. ಒಂದು ದಿನ ಮೆತ್ತೆಯೂ ತಣ್ಣಗಾಗಿದೆ ಅನ್ನಿಸಿತು. ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಹರಡಿ ಕಾಯಿಸಿ, ಆಮೇಲೆ ಕೊಡವೋಣ ಅಂತ ಎರಡು ಮೂಲೆ ಹಿಡಿದು ಜೋರಾಗಿ ಒಂದೇ ಒಂದು ಸಲ ಒದರಿದೆ ನೋಡಿ. ಹೊಲಿಗೆ ಪರ್‍ರೆಂದಿತು. ನಡುಮನೆ ತುಂಬ ಪುಕ್ಕ! ಬಿಳೀ ಪುಟ್ಟ ಪುಟ್ಟ ಪುಕ್ಕ, ತಲೆ ಮೇಲೆ, ದೇವರ ಮನೆ ಬಾಗಿಲಿಗೆ, ಕುದಿಯುತ್ತಿದ್ದ ಸಾರಿನೊಳಕ್ಕೆ.

ಹೇಳಿ ಕೇಳಿ ನಮ್ಮದು ಲಿಂಗ ಕಟ್ಟುವ ಮನೆ. ಮೊಟ್ಟೆ ತಿಂದವರ ಪಕ್ಕ ಕೂತರೆ ಸ್ನಾನ ಮಾಡುವ ಮನುಷ್ಯ ನಮ್ಮ ಯಜಮಾನರು. ಗದ್ದಲ ಕೇಳಿ ಅಂಗಡಿ ಬಿಟ್ಟು ಓಡಿಬಂದವರು ಹೆಗಲ ಮೇಲಿನ ಪುಕ್ಕವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅವ್ವಾ, ಕೋಳಿ ಪುಕ್ಕದ ಮೇಲೆ ಮಲಗಿಸಿದ್ಯಾ ನನ್ನ?" ಅಂದರು.

"ಕೋಳಿದಲ್ಲ ಕಣ್ಲಾ, ಬಾತುದು" ಅಂದರು ಅತ್ತೆ, ಕೂತಲ್ಲಿಂದಲೇ.

"ಗೊತ್ತಿತ್ತಾ ನಿಂಗೆ?"

"ಗೊತ್ತಿಲ್ದೆ ಏನು? ಮಲಗಿದ್ದೆ, ಉಚ್ಚೆನೂ ಉಯ್ದಿದ್ದೆ, ಗುಂಡ್ಕಲ್ಲಂಗೆ ಬೆಳ್ದೆ. ಈಗ ಅರವತ್ತು ದಾಟ್ದ ಮೇಲೆ ಮೈಲಿಗೆ ಬಂತಾ ನಿಂಗೆ?"

ಕೋಣೆಯೊಳಗೆ ಚೈತ್ರಾ ಆಪರೇಷನ್ನಿನ ಹೊಲಿಗೆ ನೋಯುತ್ತದೆ ಅಂತ ಹೊಟ್ಟೆ ಹಿಡಿದುಕೊಂಡೇ ನಗುತ್ತಿದ್ದಳು. ನಾನು ಸಾರು ಚೆಲ್ಲಿ, ಪುಕ್ಕ ಗುಡಿಸಿ ದಿಂಬಿನ ಚೀಲಕ್ಕೆ ತುಂಬಿದೆ. ಮಾರನೇ ದಿನ ಅತ್ತೆ ಸೂಜಿ ದಾರ ಹಿಡಿದು ಕೂತರು. ದಾರ ಪೋಣಿಸಲು ಕಣ್ಣು ಕಾಣದು, ಆದರೂ ನನಗೆ ಕೊಡಲೊಲ್ಲರು. ಹೊಲಿಗೆ ಅರ್ಧಕ್ಕೆ ಬಂದಿತ್ತು, ಫೋನು ಬಂತು.

ರಾಮನಾಥಪುರದಿಂದ ಅತ್ತೆಯ ತಮ್ಮನ ಮಗ. "ವಿಮಲಕ್ಕ, ಯಾರೋ ಬಿಳೀ ಅಜ್ಜಿ ಬಂದವ್ರೆ. ಆಸ್ಟ್ರೇಲಿಯಾದಿಂದಂತೆ. ಡಾಕ್ಟ್ರ ಮನೆ ಎಲ್ಲಿತ್ತು ಅಂತ ಕೇಳ್ತಾವ್ರೆ. ಅದೂ ಕನ್ನಡದಾಗೆ! ಗಿರಿಜಾ ಇನ್ನೂ ಅವ್ಳಾ ಅಂತ ಕೇಳಿದ್ರು. ಅವ್ರೆ ಅಂತ ನಿಮ್ಮನೆ ಅಡ್ರೆಸ್ ಕೊಟ್ಟಿವ್ನಿ. ಮೈಸೂರು ನೋಡ್ಕಂಡು ಸೋಮವಾರ ನಿಮ್ಮಲ್ಲಿಗೆ ಬತ್ತಾರಂತೆ."

ನಾನು ಕುಣಿದಾಡಿಕೊಂಡು ಬಂದು ಅತ್ತೆಗೆ ಹೇಳಿದೆ. ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಸೂಜಿ ಮೆತ್ತೆಗೆ ಚುಚ್ಚಿದ್ದು ಚುಚ್ಚಿದಂತೇ ಉಳಿಯಿತು.

"ಬಾಗ್ಲಾಕು ವಿಮ್ಲಾ" ಅಂದರು. ಹಾಕಿದೆ.

"ಅವ್ರು ಕೊಡ್ಲಿಲ್ಲ ಕಣೇ ಇದನ್ನ. ನಾ ಕದ್ದಿದ್ದು."

ನನಗೆ ನಗು ಬಂತು ಮೊದಲು. ಆಮೇಲೆ ಅವರ ಮುಖ ನೋಡಿ ಪಕ್ಕದಲ್ಲಿ ಕೂತೆ.

ಆದದ್ದು ಇಷ್ಟು. ಯುದ್ಧ ಶುರುವಾದಾಗ ಇಂಗ್ಲಿಷರು, ನೀನು ಜರ್ಮನಿ ಕಡೆಯವನು ಅಂತ ಹೇಳಿ ಆ ಡಾಕ್ಟರನ್ನೇ ಹಿಡಿದುಕೊಂಡು ಹೋಗಿ ಕ್ಯಾಂಪಿನಲ್ಲಿ ಇಟ್ಟರಂತೆ. ಹಿಟ್ಲರನಿಂದ ತಪ್ಪಿಸಿಕೊಂಡು ಬಂದವನನ್ನು ಹಿಟ್ಲರನ ಕಡೆಯವನು ಅಂದರೆ ಏನು ಹೇಳೋಣ! ಅವರು ಬಿಡುಗಡೆಯಾಗಿ ಬರುವತನಕ ತಿಂಗಳುಗಟ್ಟಲೆ ಆ ತಾಯಿ ಮಗಳು ಇಬ್ಬರೇ. ಅತ್ತೆಯ ತಾಯಿ ಹಾಲು, ರಾಗಿಹಿಟ್ಟು, ಸೊಪ್ಪು ಕಳಿಸಿ ನೋಡಿಕೊಂಡರು. ಆ ಡಾಕ್ಟರ ಹೆಂಡತಿ ಕನ್ನಡ ಕಲಿತದ್ದು ಆಗಲೇ. ಹುಡುಗಿಗೆ ರಾತ್ರಿ ಮೆತ್ತೆ ಇಲ್ಲದಿದ್ದರೆ ನಿದ್ದೆಯೇ ಇಲ್ಲ. ಅದನ್ನು ಹೊಲಿದುಕೊಟ್ಟಿದ್ದು ಅವಳ ಅಜ್ಜಿ. ಆ ಅಜ್ಜಿ ಅಲ್ಲೇ ಉಳಿದುಬಿಟ್ಟಿದ್ದಳು. ಅವಳು ಏನಾದಳು ಅಂತ ಯುದ್ಧ ಮುಗಿದ ಮೇಲೆ ತಿಳಿಯಿತು. ಉಳಿದಿರಲಿಲ್ಲ.

ಯುದ್ಧ ಮುಗಿದು ಅವರು ಊರು ಬಿಟ್ಟು ಹೊರಟರು. ಗಾಡಿ ಕಟ್ಟುವ ಹಿಂದಿನ ದಿನ ಹತ್ತು ವರ್ಷದ ಗಿರಿಜಾ ಆ ಮೆತ್ತೆಯನ್ನು ಎತ್ತಿಕೊಂಡು ಬಂದು ತಮ್ಮ ಮನೆಯ ಅಟ್ಟದ ಮೇಲಿನ ಖಾಲಿ ಗುಡಾಣದೊಳಗೆ ತುರುಕಿದಳು.

"ಇದಿಲ್ದೆ ಅವ್ಳಿಗೆ ನಿದ್ದೆ ಬರಲ್ಲ, ಅಂಗಾಗಿ ಓಗಲ್ಲ ಅಂದ್ಕಂಡೆ" ಅಂದರು ಅತ್ತೆ. "ಹುಡುಕ್ತಾ ಕೂತ್ಕತಾರೆ, ರೈಲು ತಪ್ಪೋಯ್ತದೆ, ಇಲ್ಲೇ ಇರ್ತಾರೆ ಅಂದ್ಕಂಡೆ. ಹುಡುಕುದ್ರು. ಗಾಡಿ ಕಾಯ್ಲಿಲ್ಲ. ಅವ್ಳು ಗಾಡಿ ಹಿಂದ್ಗಡೆ ಕೂತ್ಕಂಡು ಅಳ್ತಾನೇ ಓದ್ಲು. ನಾ ಬಾಯೇ ಬಿಡ್ಲಿಲ್ಲ."

ಹದಿನೈದು ದಿನದ ಮೇಲೆ ಅತ್ತೆಯ ತಾಯಿಗೆ ಅದು ಸಿಕ್ಕಿತಂತೆ. ಸೌದೆ ತಗೊಂಡು ಬಾರಿಸಿದರಂತೆ. ಅಷ್ಟು ಹೊತ್ತಿಗೆ ಡಾಕ್ಟರ ಮನೆಯವರ ಹಡಗು ಹೊರಟಾಗಿತ್ತು, ವಿಳಾಸ ಯಾರಿಗೂ ಗೊತ್ತಿರಲಿಲ್ಲ. ಕೇಳಿಕೊಂಡು ಬಂದರೆ ಕೊಡಬೇಕು ಅಂತ ಟ್ರಂಕಿನಲ್ಲಿಟ್ಟರು. ಅತ್ತೆ ಬಸುರಿಯಾದಾಗ ಅವರ ತಾಯಿಯೇ ತೆಗೆದುಕೊಟ್ಟು, 'ಮಕ್ಕಳ ಸಾಮಾನು, ಮಕ್ಕಳಿಗೇ ಆಗಲಿ' ಅಂದರಂತೆ. ಮೆತ್ತೆ ನಮ್ಮ ಮನೆಗೆ ಬರುವ ಹೊತ್ತಿಗೆ ಕದ್ದದ್ದು ಕೊಟ್ಟದ್ದಾಗಿತ್ತು.

ಅವತ್ತಿನಿಂದ ಅತ್ತೆಗೆ ಊಟ ಸೇರಲಿಲ್ಲ. ಮುದ್ದೆ ಮುರಿದು ಹಾಗೇ ಬಿಡುವುದು, ಜಪಕ್ಕೆ ಕೂತು ಮಧ್ಯದಲ್ಲಿ ಎದ್ದು ಬಂದು, "ಅವ್ಳು ಬಂದಾಗ ನಂಗೆ ಮಾತು ಬತ್ತದಾ ವಿಮ್ಲಾ?" ಅಂತ ಕೇಳುವುದು. ನಮ್ಮ ಯಜಮಾನರಿಗೆ ವಿಷಯ ಹೇಳಿದೆ. ಅವರು ವ್ಯಾಪಾರಸ್ಥರು, ಯೋಚನೆ ಮಾಡದೆ ಮಾತಾಡುವುದಿಲ್ಲ. "ಹೇಳ್ಲೇಬೇಡ ಅವ್ವಾ. ಮರೆತು ಬಿಟ್ಟು ಹೋಗಿದ್ರಿ, ಜೋಪಾನ ಮಾಡಿಟ್ಟಿದ್ವಿ ಅಂತ ತಟ್ಟೇಲಿಟ್ಟು ಕೊಟ್ಟುಬಿಡು. ಅವ್ರೂ ಖುಷಿಯಾಗ್ತಾರೆ. ಈ ವಯಸ್ಸಿನಲ್ಲಿ ಕಳ್ಳಿ ಅನ್ನಿಸ್ಕೊಂಡು ಏನಾಗ್ಬೇಕು?" ಅಂದರು. ಸತ್ಯ ಹೇಳುತ್ತೇನೆ, ನನಗೂ ಅದೇ ಸರಿ ಅನ್ನಿಸಿತ್ತು. ಯಾರಿಗೂ ನಷ್ಟವಿಲ್ಲದ ಸುಳ್ಳು ಅಂದುಕೊಂಡೆ.

ಅತ್ತೆ ಅರ್ಧಕ್ಕೆ ನಿಂತಿದ್ದ ಹೊಲಿಗೆ ಮುಗಿಸಿ ದಾರ ಕತ್ತರಿಸಿದರು. ಸೋಮವಾರ ಮಗುವನ್ನು ಬೇರೆ ಹಾಸಿಗೆಗೆ ಹಾಕಿ, ಮೆತ್ತೆ ಮಡಿಸಿ, ಅರಿಶಿನ ಕುಂಕುಮ, ತೆಂಗಿನಕಾಯಿ ಇಟ್ಟು ಕೊಡುವುದು ಅಂತ ಮಾತಾಯಿತು. ಆದರೆ ಮೂರು ಗಂಟೆಗೆ ಬರುತ್ತೇವೆ ಅಂದವರು ಎರಡಕ್ಕೇ ಬಂದರು. ಮಗು ಮೆತ್ತೆಯ ಮೇಲೆ ಕೈಕಾಲು ಚೆಲ್ಲಿ ಮಲಗಿತ್ತು.

ಎತ್ತರದ ಹೆಂಗಸು. ಬೆಳ್ಳನೆ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಹಿಡಿದುಕೊಂಡು ಮೊಮ್ಮಗಳು. ನಮ್ಮ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇಂಗ್ಲಿಷಿನಲ್ಲಿ ಎರಡು ವಾಕ್ಯ ಬಾಯಿಪಾಠ ಮಾಡಿಕೊಂಡು ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಏನ್ಲಾ, ಗಿರಿಜಾ ಎಲ್ಲವ್ಳೆ?" ಅಂದರು. ಪಾಪ, ಆಕೆಗೆ ಬರುತ್ತಿದ್ದುದು ಒಂಬತ್ತು ವರ್ಷದ ಹುಡುಗಿಯ ಕನ್ನಡ. ಅದರಲ್ಲಿ 'ನೀವು' ಅನ್ನುವುದೇ ಇರಲಿಲ್ಲ. ನಮ್ಮ ಯಜಮಾನರ ಎರಡೂ ವಾಕ್ಯ ಮರೆತುಹೋದವು.

ಅತ್ತೆ ಕೋಣೆಯ ಹೊಸಿಲ ಹತ್ತಿರ ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. "ಮುದುಕಿ ಆಗೋದಲ್ಲೇ" ಅಂದರು ಆಕೆ. "ನೀನೇನ್ ಕಮ್ಮಿ?" ಅಂದರು ಅತ್ತೆ. ಹಲ್ಲು ಎಲ್ಲಿ ಅಂತ ಆಕೆ ಬಾಯಿ ತೋರಿಸಿದರು. ಅತ್ತೆ ಬಾಯಿ ತೆಗೆದು ಈಗ ಒಂದೂ ಇಲ್ಲ ಅಂತ ತೋರಿಸಿದರು. ನಕ್ಕರು, ಇಬ್ಬರೂ ಕೈ ಹಿಡಿದುಕೊಂಡು ಅತ್ತರು. ಅತ್ತೆ ಈಗ ಬಚಾವಾದರು ಅಂತ ನಾನು ಉಸಿರುಬಿಟ್ಟೆ. ಅಷ್ಟರಲ್ಲಿ ಮಗು ಕುಂಯ್ ಅಂತು. ಆಕೆ ಮಗು ನೋಡಲು ಬಗ್ಗಿದರು.

ಬಗ್ಗಿದವರು ಏಳಲಿಲ್ಲ. ಮೂಲೆಯ ಕೆಂಪು ಅಕ್ಷರದ ಮೇಲೆ ಬೆರಳಿಟ್ಟರು. ನೆಲಕ್ಕೆ ಕೂತುಬಿಟ್ಟರು. ಅತ್ತೆಯ ಕಡೆ ತಿರುಗಿ, "ಅಮ್ಮ ನಿಂಗೆ ಕೊಟ್ಲಾ?" ಅಂತ ಕೇಳಿದರು.

ಎಷ್ಟು ಸುಲಭವಾಗಿತ್ತು! ಹೂಂ ಅಂದರೆ ಸಾಕಿತ್ತು. ನಮ್ಮ ಯಜಮಾನರು ಬಾಗಿಲ ಮರೆಯಿಂದ ಹೂಂ ಅನ್ನು ಹೂಂ ಅನ್ನು ಅಂತ ತಲೆಯಾಡಿಸುತ್ತಿದ್ದರು. ನಾನೂ ಅತ್ತೆಯ ಭುಜ ಒತ್ತಿದೆ. ಅವರು ನನ್ನ ಕೈ ಕೊಡವಿದರು.

"ಇಲ್ಲ ಕಣೇ. ನಿಮ್ಮವ್ವ ಕೊಡ್ಲಿಲ್ಲ. ನಾ ಕದ್ದೆ. ನೀ ಓಗ್ಬಾರ್ದು ಅಂತ ಬಚ್ಚಿಟ್ಟೆ."

ಆಕೆಗೆ ತಕ್ಷಣ ಅರ್ಥವಾಗಲಿಲ್ಲವೋ, ಆಗಿಯೂ ನಂಬಲಿಲ್ಲವೋ. ಮತ್ತೊಂದು ಸಲ ಹೇಳು ಅಂದರು. ಅತ್ತೆ ಮತ್ತೊಂದು ಸಲ ಹೇಳಿದರು. ಗುಡಾಣ, ಅಟ್ಟ, ಗಾಡಿ ಎಲ್ಲ ಬಿಡದೆ ಹೇಳಿದರು. ಆಕೆಯ ಮುಖ ಕೆಂಪಗಾಯಿತು.

"ಅಮ್ಮ ಬಿಟ್ಳು ಅಂದ್ಕಂಡೆ" ಅಂದರು. ಮಾತು ಹುಡುಕಿ ಹುಡುಕಿ ಹೇಳುತ್ತಿದ್ದರು. "ಭಾರ ಅಂತ ಬಿಟ್ಳು ಅಂದ್ಕಂಡೆ. ಅಜ್ಜೀದು, ಇದೊಂದೇ ಇತ್ತು. ನಾ ಬಿಟ್ಟಿಲ್ಲ ಮಗಾ ಅಂತ ಅಮ್ಮ ಅತ್ಲು. ಹಡಗಿನಾಗೆ ಅತ್ಲು. ನಾ ನಂಬ್ಲಿಲ್ಲ. ದೊಡ್ಡೋಳಾದೆ, ನಂಬ್ಲಿಲ್ಲ. ಅಮ್ಮ ಸಾಯಾಗ್ಲೂ ಯೋಳುದ್ಲು, ನಂಬ್ಲಿಲ್ಲ."

ಎದ್ದರು. ಕಿರುಬೆರಳು ನೀಟಿ ಅತ್ತೆಯ ಮುಖದ ಮುಂದೆ ಹಿಡಿದು, "ಟೂ" ಅಂದರು. ಮಕ್ಕಳು ಮಾತು ಬಿಡುವಾಗ ಮಾಡುತ್ತಾರಲ್ಲ, ಹಾಗೇ. ನಗು ಬರುವಂಥದ್ದು, ಆದರೆ ಆ ಮುಖ ನೋಡಿದವರಿಗೆ ನಗು ಬರುವಂತಿರಲಿಲ್ಲ. ಮಾಡಿಟ್ಟ ಶಾವಿಗೆ ಪಾಯಸ ಮುಟ್ಟದೆ ಕಾರು ಹತ್ತಿ ಹಾಸನದ ಹೋಟೆಲಿಗೆ ಹೊರಟುಹೋದರು. ಮೆತ್ತೆಯನ್ನೂ ತಗೊಳ್ಳಲಿಲ್ಲ.

"ನೋಡ್ದಾ, ಹೇಳ್ಬೇಡ ಅಂದೆ" ಅಂದರು ನಮ್ಮ ಯಜಮಾನರು. ಅತ್ತೆ ಮಗುವನ್ನು ಎತ್ತಿ ತೊಟ್ಟಿಲಿಗೆ ಹಾಕಿ, ಮೆತ್ತೆ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತರು. ನನಗೆ ಅವರ ಮೇಲೆ ಎಷ್ಟು ಕನಿಕರವೋ ಅಷ್ಟೇ ಸಿಟ್ಟೂ ಬಂದಿತ್ತು. ಆಕೆಯ ಮೇಲೂ ಬಂದಿತ್ತು. ಹತ್ತು ವರ್ಷದ ಹುಡುಗಿ ಮಾಡಿದ ಕೆಲಸ, ಎಪ್ಪತ್ತು ವರ್ಷ ಕಳೆದ ಮೇಲೆ ಹೀಗಾ ಮಾಡುವುದು ಅಂತ. ಆದರೆ ಆಕೆಯ ತಾಯಿಯನ್ನು ನೆನೆಸಿಕೊಂಡಾಗಲೆಲ್ಲ ಆ ಸಿಟ್ಟು ಇಳಿಯುತ್ತಿತ್ತು. ಮಾಡದ ತಪ್ಪನ್ನು ಸಾಯುವವರೆಗೂ ಮಾಡಿಲ್ಲ ಮಾಡಿಲ್ಲ ಅಂತ ಹೇಳುತ್ತಲೇ ಇದ್ದವಳು.

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಕಾರು ಬಂತು. ಅಂಗಡಿ ಬಾಗಿಲು ಆಗಷ್ಟೇ ತೆಗೆದಿದ್ದರು. ಆಕೆ ಯಾರನ್ನೂ ಕೇಳದೆ ನೇರ ಒಳಗೆ ಬಂದು ಅತ್ತೆಯ ಮುಂದೆ ಚಾಪೆಯ ಮೇಲೆ ಕೂತರು. ಕಣ್ಣು ಊದಿತ್ತು. ಇವರದ್ದೂ ಊದಿತ್ತು. ಅತ್ತೆ ಮೆತ್ತೆಯನ್ನು ಆಕೆಯ ಕಡೆ ತಳ್ಳಿದರು. ಆಕೆ ಅದರಲ್ಲಿ ಮುಖ ಇಟ್ಟು ಮೂಸಿದರು.

"ಅಜ್ಜಿ ವಾಸ್ನೆ ಇಲ್ಲ" ಅಂದರು.

"ಎಂಗಿರ್ತದೆ? ಹತ್ತು ಮಕ್ಕಳ ಉಚ್ಚೆ ಕುಡ್ದದೆ" ಅಂದರು ಅತ್ತೆ.

ಆಕೆ ನಗಲು ನೋಡಿದರು, ಆಗಲಿಲ್ಲ. "ಗಿರಿಜಾ, ಅಮ್ಮ ಸುಳ್ಳು ಯೋಳ್ಲಿಲ್ಲ. ನಂಗೀಗ ಗೊತ್ತಾಯ್ತು. ಈಗ ಯಾರಿಗೆ ಯೋಳಾನ? ಅಮ್ಮ ಇಲ್ವಲ್ಲ."

ಚೈತ್ರಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಏನೂ ತಿಳಿಯದ ಆ ಮೊಮ್ಮಗಳೂ ಅಳುತ್ತಿದ್ದಳು. ಅತ್ತೆ ಮಾತ್ರ ಆಕೆಯ ಎರಡೂ ಕೈ ತಮ್ಮ ಕೈಯೊಳಗೆ ತಗೊಂಡರು. ಸಂತೆಗೆ ಹೋಗುವವರು ನಿನಗೇನು ತರಬೇಕು ಅಂತ ಕೇಳುವಷ್ಟು ಸಲೀಸಾಗಿ ಹೇಳಿದರು.

"ನಿಂಗಿಂತ ಒಂದ್ವರ್ಸ ದೊಡ್ಡೋಳು ನಾನು. ನಾನೇ ಮುಂದಾಗಿ ಓಗದು. ನಿಮ್ಮವ್ವ ಸಿಕ್ತಾಳೆ. ಕಾಲು ಹಿಡ್ಕಂಡು ನಾನೇ ಯೋಳ್ತೀನಿ, ಕದ್ದಿದ್ದು ನಾನು, ಆನಮ್ಮಂಗೆ ಈಗ ಗೊತ್ತಾಗದೆ ಅಂತ. ಎಲ್ಲಾನೂ ಯೋಳ್ತೀನಿ. ನೀ ಯೋಚ್ನೆ ಮಾಡ್ಬೇಡ."

ಆಕೆ ಅತ್ತೆಯನ್ನೇ ನೋಡುತ್ತಿದ್ದರು. "ಮರೀಬಾರ್ದು" ಅಂದರು.

"ಮರೀತೀನಾ?"

"ಅಮ್ಮಂಗೆ ಕಿವಿ ಕೇಳಕಿಲ್ಲ. ಜೋರಾಗಿ ಯೋಳು."

"ಊರಿಗೆಲ್ಲ ಕೇಳಂಗೆ ಯೋಳ್ತೀನಿ, ಬುಡು."

ಆಗ ನಕ್ಕರು ಆಕೆ. ಮೂರು ದಿನ ಇದ್ದರು. ಇಬ್ಬರೂ ಮಳೆ ನೋಡುತ್ತಾ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿದರು. ನಮ್ಮ ಯಜಮಾನರನ್ನು ಕೊನೇವರೆಗೂ 'ಲೇ' ಅಂತಲೇ ಕರೆದರು, ಅವರೂ ಕೊನೆಗೆ 'ಬಂದೆ ದೊಡ್ಡಮ್ಮಾ' ಅನ್ನತೊಡಗಿದ್ದರು. ಮೆತ್ತೆ ಆಸ್ಟ್ರೇಲಿಯಾಕ್ಕೆ ಹೋಯಿತು. ನಮ್ಮ ಮಗು ಹತ್ತಿಯ ಹಾಸಿಗೆಯ ಮೇಲೆ ಒಂದು ದಿನವೂ ರಚ್ಚೆ ಹಿಡಿಯದೆ ಮಲಗಿತು. ಅತ್ತೆ ಆಗಾಗ ಬಂದು ತೊಟ್ಟಿಲಲ್ಲಿ ಕೈಯಾಡಿಸಿ ನೋಡಿ ಹೋಗುತ್ತಿದ್ದರು, ಅಷ್ಟೇ.

ಅತ್ತೆ ಹೋದದ್ದು ಮುಂದಿನ ವರ್ಷದ ಕಾರ್ತಿಕದಲ್ಲಿ. ಎರಡೇ ದಿನ ಜ್ವರ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನಾನು ಆಸ್ಟ್ರೇಲಿಯಾಕ್ಕೆ ಫೋನು ಮಾಡಿದೆ. ಮೊಮ್ಮಗಳು ಎತ್ತಿ ಅಜ್ಜಿಗೆ ಕೊಟ್ಟಳು. ಹೇಗೆ ಹೇಳುವುದು ಅಂತ ತಡವರಿಸುತ್ತಾ ಹೇಳಿದೆ. ಅಳುತ್ತಾರೇನೋ ಅಂದುಕೊಂಡೆ.

"ಎಷ್ಟು ದಿನ ಆಯ್ತು?" ಅಂತ ಕೇಳಿದರು.

"ಹನ್ನೊಂದು ದಿನ."

ಹನ್ನೊಂದು ಅಂತ ತಮ್ಮಷ್ಟಕ್ಕೇ ಒಂದು ಸಲ ಹೇಳಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು:

"ಇಷ್ಟೊತ್ಗೆ ಯೋಳಿರ್ತಾಳಾ?"